ಹದಿನೆಂಟು ಮಿಲಿಮೀಟರಿನ ಸಂಸಾರ

ಬೇರೆ ಗಂಡಸರು ಹೆಂಡತಿಯ ಪಕ್ಕ ಕೂರಬೇಕೆನಿಸಿದರೆ ಹೋಗಿ ಕೂರುತ್ತಾರೆ. ನಾನು ಅದಕ್ಕಾಗಿ ಒಂದು ಲ್ಯಾಪ್‌ಟಾಪನ್ನೇ ತಯಾರಿಸಬೇಕಾಯಿತು. ಅದೂ ಅಂತಿಂಥದ್ದಲ್ಲ. ಆಟ ಆಡಲೆಂದೇ ಮಾಡಿದ್ದು. ಬಲದಲ್ಲಿ ಮದಗಜ, ಮುಚ್ಚಿಟ್ಟರೆ ಹದಿನೆಂಟು ಮಿಲಿಮೀಟರಿಗಿಂತ ಒಂದು ಕೂದಲೆಳೆ ದಪ್ಪವಿಲ್ಲ. ಷಹಜಹಾನನಾದರೂ ಹೆಂಡತಿ ಹೋದ ಮೇಲೆ ಕಟ್ಟಿಸಿದ. ನನ್ನವಳು ಗಟ್ಟಿಮುಟ್ಟಾಗಿ ಅದೇ ಮನೆಯಲ್ಲಿ, ಸೋಫಾದ ಆ ತುದಿಯಲ್ಲಿ, ಫೋನು ನೋಡುತ್ತ ಕೂತಿದ್ದಳು. ಕಷ್ಟ ಯಾರದು ದೊಡ್ಡದು, ನೀವೇ ಹೇಳಿ.

ತೈಪೆಯ ಒಂದು ಕಂಪ್ಯೂಟರ್ ಕಂಪನಿಯಲ್ಲಿ ನಾನು ಶಾಖ ವಿಭಾಗದ ಎಂಜಿನಿಯರ್. ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಹುಟ್ಟುವ ಬಿಸಿಯನ್ನು ಹೊರಗೆ ದಬ್ಬುವುದು ನನ್ನ ಕಸುಬು. ಕೇಳಲು ಸುಲಭ. ಆದರೆ ಯಂತ್ರಕ್ಕೆ ಬಲ ಕೊಟ್ಟರೆ ಬಿಸಿ ಏರುತ್ತದೆ. ಬಿಸಿ ಹೋಗಲೆಂದು ದೊಡ್ಡ ಫ್ಯಾನ್ ಇಟ್ಟರೆ ದಪ್ಪವಾಗುತ್ತದೆ. ಚಿಕ್ಕ ಫ್ಯಾನನ್ನೇ ಜೋರಾಗಿ ತಿರುಗಿಸಿದರೆ ಕಿರುಚುತ್ತದೆ. ಕಿರುಚಬೇಡ ಎಂದರೆ ಮತ್ತೆ ಬಿಸಿ. ಇತ್ತ ಬ್ಯಾಟರಿ, ‘ನನಗೂ ಜಾಗ ಕೊಡಿ’ ಎಂದು ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿರುತ್ತದೆ. ಒಟ್ಟು ಕುಟುಂಬದ ಯಜಮಾನನ ಪಾಡು ಹೇಗಿರುತ್ತದೋ ನನ್ನದೂ ಹಾಗೆಯೇ. ಎಲ್ಲರನ್ನೂ ಸಮಾಧಾನ ಮಾಡಿದ ದಿನ ನನ್ನ ತಲೆಯ ಮೇಲೆ ಕೂದಲು ಉಳಿದಿರಲಿಲ್ಲ.

ನಾವು ಮದುವೆಯಾದ ಹೊಸತರಲ್ಲಿ ಮನೆಯಲ್ಲಿ ಒಂದು ಲ್ಯಾಪ್‌ಟಾಪ್ ಇತ್ತು. ಹೆಸರಿಗೆ ಲ್ಯಾಪ್‌ಟಾಪ್, ತೂಕಕ್ಕೆ ರುಬ್ಬುವ ಕಲ್ಲು. ಕ್ವಾಂಗ್‌ಹ್ವಾ ಮಾರುಕಟ್ಟೆಯಿಂದ ಸ್ಕೂಟರಿನಲ್ಲಿ ತರುವಾಗ ನನ್ನ ಹೆಂಡತಿ ಮೇ-ಯುನ್ ಅದನ್ನು ಎದೆಗವಚಿಕೊಂಡು ಹಿಂದೆ ಕೂತಿದ್ದಳು. ತಿರುವು ಬಂದಾಗಲೆಲ್ಲ ಸ್ಕೂಟರ್ ನನ್ನ ಮಾತು ಕೇಳದೆ ಅದರ ಮಾತು ಕೇಳುತ್ತಿತ್ತು. ಬ್ಯಾಟರಿ ಇತ್ತು, ಆದರೆ ಮರ್ಯಾದೆಗೆ. ಗೋಡೆಯ ಪ್ಲಗ್ಗಿನಿಂದ ಕಿತ್ತರೆ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಪ್ರಾಣ ಬಿಡುತ್ತಿತ್ತು.

ಇಬ್ಬರಿಗೂ ಆಟದ ಹುಚ್ಚು, ಯಂತ್ರ ಮಾತ್ರ ಒಂದೇ. ಹಾಗಾಗಿ ಕೆಲಸ ಹಂಚಿಕೊಂಡೆವು. ಎಡಗಡೆ ಕೂತು ಕೀಬೋರ್ಡ್ ಒತ್ತುವುದು ನಾನು, ಬಲಗಡೆ ಕೂತು ಮೌಸ್ ಹಿಡಿಯುವುದು ಅವಳು. ಅಂದರೆ ಓಡುವುದು ನಾನು, ಗುಂಡು ಹಾರಿಸುವುದು ಅವಳು. (ಸಂಸಾರವೂ ಇಂದಿನವರೆಗೆ ಇದೇ ಕ್ರಮದಲ್ಲಿ ನಡೆದುಕೊಂಡು ಬಂದಿದೆ.)

“ಓಡೋ! ಬಾಗಿಲ ಹತ್ರ ಏನ್ ಮಾಡ್ತಿದೀಯಾ? ಚಪ್ಪಲಿ ಹುಡುಕ್ತಿದೀಯಾ?”

“ನೀನು ಮೊದ್ಲು ಗುಂಡು ಹಾರಿಸೇ ತಾಯಿ! ಮೂರು ಜನ ಬರ್ತಿದಾರೆ!”

“ನೀನು ನೆಟ್ಟಗೆ ನಿಂತ್ರೆ ತಾನೇ ಗುರಿ ಸಿಗೋದು!”

“ಈಗ ತಾನೇ ಓಡು ಅಂದ್ಯಲ್ಲೇ!”

ಪಕ್ಕದ ಮನೆಯವರು ಗೋಡೆ ಕುಟ್ಟುವವರೆಗೂ ಹೀಗೇ ಸಾಗುತ್ತಿತ್ತು. ನಮ್ಮ ಚಳಿಗಾಲ ನಿಮಗೆ ಗೊತ್ತಿರಲಿಕ್ಕಿಲ್ಲ. ತಿಂಗಳುಗಟ್ಟಲೆ ಜಿಟಿಜಿಟಿ ಮಳೆ, ಗೋಡೆಗಳೇ ಬೆವರುತ್ತವೆ, ತೊಳೆದು ಹಾಕಿದ ಕಾಲುಚೀಲ ವಾರವಾದರೂ ಒಣಗುವುದಿಲ್ಲ. ಆ ಲ್ಯಾಪ್‌ಟಾಪಿನ ಎಡಗಡೆಗೆ ಬಿಸಿಗಾಳಿ ಉಗುಳುವ ಒಂದು ಬಾಯಿ ಇತ್ತು. ಕಾಲುಚೀಲ ಅಲ್ಲೇ ಒಣಗುತ್ತಿತ್ತು. ಒಂದು ಆಟ ಮುಗಿದು ಇನ್ನೊಂದು ಶುರುವಾಗುವ ಮೊದಲು ಮೇ-ಯುನ್ ತಣ್ಣಗಾದ ಕೈಗಳನ್ನು ಕಾಯಿಸಿಕೊಳ್ಳಲು ಅಲ್ಲಿಗೇ ಚಾಚುತ್ತಿದ್ದಳು. ಅವಳು ಕೂತಿದ್ದು ಬಲಕ್ಕೆ, ಬಾಯಿ ಇದ್ದದ್ದು ಎಡಕ್ಕೆ, ನಡುವೆ ನಾನು. ಕೈ ನನ್ನ ಎದೆಯನ್ನು ದಾಟಿಯೇ ಹೋಗಬೇಕು. ಆ ಯಂತ್ರವನ್ನು ರೂಪಿಸಿದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ, ಅವನ ಹೊಟ್ಟೆ ತಣ್ಣಗಿರಲಿ.

ಆಮೇಲೆ ಅದು ಸತ್ತಿತು. ಕೀಲುಂಗಿನಲ್ಲಿರುವ ನಮ್ಮ ಅತ್ತೆ, ಅಂದರೆ ಮೇ-ಯುನ್‌ಳ ತಾಯಿ, ಅದನ್ನು ಎತ್ತಿ ನೋಡಿ, “ಒಳ್ಳೇ ಭಾರ ಇದೆ, ವ್ಯರ್ಥ ಮಾಡ್ಬೇಡಿ” ಎಂದು ಒಯ್ದು, ಉಪ್ಪು ಹಾಕಿದ ಸಾಸಿವೆ ಸೊಪ್ಪನ್ನು ಅದುಮಿಡಲು ಭರಣಿಯ ಮೇಲೆ ಹೇರಿದರು. ನಮ್ಮಿಬ್ಬರ ಕೈಗೂ ಫೋನು ಬಂತು. ಅವಳು ಸೋಫಾದ ಆ ತುದಿ, ನಾನು ಈ ತುದಿ. ಒಂದೇ ಕೋಣೆಯಲ್ಲಿದ್ದುಕೊಂಡು ‘ಊಟ ಆಯ್ತಾ’ ಎಂದು ಮೆಸೇಜ್ ಕಳಿಸುವ ಹಂತ ತಲುಪಿದೆವು. ನನಗೆ ಬೇಕಾಗಿದ್ದುದು ಇಷ್ಟೇ. ಅವಳು ಇನ್ನೊಮ್ಮೆ ನನ್ನ ಪಕ್ಕ ಕೂತು ‘ಓಡೋ’ ಎಂದು ಬೈಯಬೇಕು.

ಕೇಳಿಯೂ ನೋಡಿದೆ. “ಮತ್ತೆ ಆ ಕಲ್ಲು ತಂದು ಊಟದ ಮೇಜಿನ ಮೇಲೆ ಪ್ರತಿಷ್ಠಾಪನೆ ಮಾಡ್ತೀಯಾ? ಜಾಗ ಎಲ್ಲಿದೆ?” ಎಂದಳು. “ತೆಳ್ಳಗಿರೋದು, ಗಲಾಟೆ ಮಾಡದೇ ಇರೋದು ಯಾವುದಾದ್ರೂ ಬಂದ್ರೆ ಹೇಳು, ನೋಡೋಣ.”

ಇಷ್ಟು ಸಾಕಾಯಿತು. ಭಗೀರಥನಿಗೆ ಗಂಗೆ, ನನಗೆ ಹದಿನೆಂಟು ಮಿಲಿಮೀಟರ್.

ಕಂಪನಿಯಲ್ಲಿ ನನ್ನ ಎದುರಾಳಿ ಅಂದಚೆಂದ ನೋಡುವ ವಿಭಾಗದ ಯೆನ್ ಮೇಡಂ. ಆಕೆಗೆ ಯಂತ್ರ ಕಾಗದದ ಹಾಗಿರಬೇಕು, ಮೈಯಲ್ಲಿ ಒಂದು ತೂತೂ ಕಾಣಬಾರದು.

“ಮೇಡಂ, ಗಾಳಿ ಓಡಾಡೋಕೆ ಇನ್ನೊಂದು ಮಿಲಿಮೀಟರ್ ಜಾಗ ಬೇಕು.”

“ಗಾಳಿ ತಾನೇ? ಎಷ್ಟಿದ್ರೆ ಅಷ್ಟರಲ್ಲೇ ಹೋಗುತ್ತೆ ಬಿಡಿ.”

ಕೊನೆಗೆ ದಪ್ಪದಲ್ಲಿ ಆಕೆ ಗೆದ್ದರು, ತೂತುಗಳಲ್ಲಿ ನಾನು ಗೆದ್ದೆ. ಉಸಿರು ಎಳೆದುಕೊಳ್ಳಲು ಕೀಬೋರ್ಡಿನ ಮೇಲುಗಡೆ ಸಣ್ಣ ತೂತುಗಳ ಒಂದು ಪಟ್ಟಿ, ಬಿಸಿ ಉಗುಳಲು ಎಡಕ್ಕೊಂದು, ಬಲಕ್ಕೊಂದು, ಹಿಂದಕ್ಕೊಂದು ಬಾಯಿ. ಈ ಬಾಯಿಗಳಿಗಾಗಿ ನಾನು ಮೀಟಿಂಗಿನಲ್ಲಿ ಮೇಜು ಗುದ್ದಿದ್ದೇನೆ. ಪರೀಕ್ಷೆಯಲ್ಲಿ ಯಂತ್ರ ಚಿನ್ನದಂತೆ ನಡೆಯಿತು.

ನಡೆಯದೇ ಏನು? ನಮ್ಮ ಪ್ರಯೋಗಾಲಯದ ಪ್ರತಿ ಕಪಾಟಿನ ಮೇಲೂ ತೆಂಗಿನಕಾಯಿ ರುಚಿಯ ಕುರುಕಲು ತಿಂಡಿಯ ಹಸಿರು ಪೊಟ್ಟಣ ಇಟ್ಟಿರುತ್ತೇವೆ. ಆ ತಿಂಡಿಯ ಹೆಸರಿನ ಅರ್ಥವೇ ‘ಜಾಣನಾಗಿರು’ ಎಂದು. ಅದು ಎದುರಿಗಿದ್ದರೆ ಯಂತ್ರ ಹಟ ಮಾಡುವುದಿಲ್ಲ. ಹಸಿರೇ ಆಗಬೇಕು, ಅವಧಿ ಮುಗಿದಿರಬಾರದು, ಹಸಿವಾಯಿತೆಂದು ಒಡೆದು ತಿಂದರಂತೂ ಗೋವಿಂದ. ಡಾಕ್ಟರೇಟ್ ಮಾಡಿದವರೂ ಯಂತ್ರದ ಸ್ವಿಚ್ ಒತ್ತುವ ಮೊದಲು ಪೊಟ್ಟಣದ ತಾರೀಕು ನೋಡುತ್ತಾರೆ. ನಾನು ಎರಡು ಸಲ ನೋಡುತ್ತೇನೆ.

ಚಳಿಗಾಲದ ಹಬ್ಬದ ಸಂಜೆ, ಅಕ್ಕಿಯುಂಡೆಯ ಸಿಹಿ ಮುಗಿಸಿದ ಮೇಲೆ, ಯಂತ್ರವನ್ನು ಮೇ-ಯುನ್ ಮುಂದೆ ಇಟ್ಟೆ.

“ಏನಿದು, ತಟ್ಟೆನಾ?”

“ತೆಗೆದು ನೋಡೇ.”

ತೆಗೆದಳು. ಪರದೆ ಬೆಳಗಿತು. ಅವಳ ಮುಖವೂ ಬೆಳಗಿತು. ನಾನು ದಪ್ಪ ಹತ್ತಿ ತುಂಬಿದ ಜಾಕೆಟ್ ಏರಿಸಿಕೊಂಡು ಎಡಗಡೆ ಕೂತೆ, ಅವಳು ಬಲಗಡೆ ಕೂತು ಮೌಸ್ ಹಿಡಿದಳು. ಯೌವನ ಬಾಗಿಲು ತಟ್ಟಿ ಒಳಗೆ ಬಂದ ಹಾಗಾಯಿತು. ಬಂದದ್ದು ಚಪ್ಪಲಿ ಬಿಡುವ ಮೊದಲೇ ಹೊರಟೂಹೋಯಿತು. ಸ್ವಲ್ಪ ಹೊತ್ತಿಗೆ ಪರದೆಯ ಮೇಲಿನ ನಮ್ಮ ವೀರ ಕುಂಟತೊಡಗಿದ.

“ಓಡೋ!”

“ಓಡ್ತಾ ಇದೀನಿ ಕಣೇ!”

“ಇದು ಓಡೋದಾ? ಪಿಂಚಣಿ ತರೋಕೆ ಹೊರಟ ಹಾಗಿದೆ.”

ಯಂತ್ರ ತುಂಬ ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಆ ಬುದ್ಧಿಯನ್ನು ಅದಕ್ಕೆ ಕಲಿಸಿದವನೂ ನಾನೇ. ಮೇ-ಯುನ್ ಮೌಸ್ ಇಟ್ಟು ಸೋಫಾದ ಆ ತುದಿಗೆ ಹೋದಳು.

ಮರುದಿನದಿಂದ ಚಿಕಿತ್ಸೆ ಶುರು. ಅಡಿಯಲ್ಲಿ ಗಾಳಿ ಆಡಲಿ ಎಂದು ನಾಲ್ಕು ಮೂಲೆಗೂ ಬಾಟಲಿಯ ಮುಚ್ಚಳ ಇಟ್ಟೆ. ಸಾಲದೆಂದು ಫ್ಯಾನಿರುವ ಒಂದು ಮಣೆ ತಂದೆ. ಮಣೆಯ ಫ್ಯಾನ್ ಕಿರುಚಿತೆಂದು ಕಿವಿಗೆ ಹಾಕುವ ದಪ್ಪ ಹೆಡ್‌ಫೋನು ಎರಡು ಬಂದವು. ಚಾರ್ಜರ್ ಎಂಬ ಇಟ್ಟಿಗೆಯೂ ಕಾಯುತ್ತದೆಂದು ಅದನ್ನೂ ಮೇಜಿನ ಮೇಲೆ ಗಾಳಿಗೆ ಮಲಗಿಸಿದೆ. ಸಾಲದ್ದಕ್ಕೆ ಒಂದು ಮೇಜಿನ ಫ್ಯಾನ್. ಚಳಿಯಲ್ಲಿ ಕಿಟಕಿಯನ್ನೂ ತೆರೆದೆ.

“ತೆಳ್ಳಗಿರೋ ಯಂತ್ರ ಅಂದ್ಯಲ್ಲ,” ಅನ್ನದ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಮೇ-ಯುನ್ ಕೇಳಿದಳು, “ನಮ್ಮ ಊಟದ ಮೇಜು ಎಲ್ಲಿ ಹೋಯ್ತು?”

“ಯಂತ್ರ ತೆಳ್ಳಗೇ ಇದೆ. ಇದೆಲ್ಲ ಅದರ ಪರಿವಾರ.”

“ಹಳೇದಕ್ಕೆ ಪರಿವಾರ ಇರ್ಲಿಲ್ಲ. ಒಂಟಿ ಜೀವ, ಪಾಪ.”

ಇಷ್ಟಾದರೂ ಕುಂಟು ನಿಲ್ಲಲಿಲ್ಲ. ಆಗ ನನಗೆ ಜ್ಞಾನೋದಯವಾಯಿತು. ಮನೆಯಲ್ಲಿ ಪೊಟ್ಟಣವೇ ಇಲ್ಲ! ಓಡಿಹೋಗಿ ಮೂಲೆಯಂಗಡಿಯಿಂದ ಹಸಿರು ಪೊಟ್ಟಣ ತಂದೆ. ತಾರೀಕು ನೋಡಿದೆ. ಕೈಮುಗಿದೆ. ಮೇಜಿನ ಮೇಲೆ ಇನ್ನೆಲ್ಲೂ ಜಾಗವಿರಲಿಲ್ಲವಾದ್ದರಿಂದ ಯಂತ್ರದ ಹಣೆಯ ಮೇಲೆಯೇ, ಕೀಬೋರ್ಡಿನ ಮೇಲುಗಡೆ, ಅಡ್ಡಲಾಗಿ ಮಲಗಿಸಿದೆ. ಅಂದಿನಿಂದ ನಮ್ಮ ವೀರ ಕುಂಟುವುದನ್ನೂ ಬಿಟ್ಟು ನಿಂತೇಬಿಟ್ಟ.

ಶನಿವಾರ ಅತ್ತೆ ಬಂದರು, ಕೈಯಲ್ಲಿ ಮೀನುಂಡೆಯ ಸೂಪಿನ ಪಾತ್ರೆ. ಬಂದವರೇ ಮೇಜು ನೋಡಿ ದಂಗಾದರು.

“ಆ-ಹಾನ್,” ಎಂದು ನನ್ನ ಹೆಸರು ಹಿಡಿದು ಕರೆದರು, “ಏನಪ್ಪಾ ಇದು, ಆಸ್ಪತ್ರೆನಾ?”

“ಅಮ್ಮ, ಮುಟ್ಬೇಡಿ. ಎಲ್ಲ ಲೆಕ್ಕಾಚಾರದಿಂದ ಇಟ್ಟಿರೋದು.”

“ನಿನ್ನ ಲೆಕ್ಕಾಚಾರ ಆಮೇಲೆ. ಸೂಪ್ ಆರುತ್ತೆ, ಜಾಗ ಮಾಡು. ಹಿಡಿ ಇದನ್ನ.”

ಒಂದೊಂದನ್ನೇ ಎತ್ತಿ ನನ್ನ ತೋಳಿಗೆ ಹೇರಿದರು. ಮೇಜಿನ ಫ್ಯಾನ್, ಮಣೆ, ಹೆಡ್‌ಫೋನು, ಎಲ್ಲ. ಕೊನೆಗೆ ಪೊಟ್ಟಣಕ್ಕೂ ಕೈ ಹಾಕಿದರು.

“ಅಯ್ಯೋ, ಅದನ್ನ ತೆಗೀಬೇಡಿ!”

“ಯಾಕೋ? ಇಲ್ಲಿ ಸಣ್ಣ ಸಣ್ಣ ತೂತಿದೆ, ಉಸಿರಾಡೋಕೆ ಅಲ್ವಾ? ದೇವರ ಪ್ರಸಾದ ಅಂತ ಮೂಗಿಗೇ ತುರುಕ್ತಾರಾ?”

ಆ ತೂತುಗಳ ಚಿತ್ರ ಬರೆದವನು ನಾನು. ಪೊಟ್ಟಣ ಎದ್ದ ಸ್ವಲ್ಪ ಹೊತ್ತಿಗೆ ಫ್ಯಾನು ನಿಟ್ಟುಸಿರು ಬಿಟ್ಟು ತಣ್ಣಗಾಯಿತು. ಮೇ-ಯುನ್ ಬಂದು ಮೌಸ್ ಅಲ್ಲಾಡಿಸಿದಳು. ವೀರ ಜಿಂಕೆಯಂತೆ ನೆಗೆದ.

“ಓಡ್ತಿದಾನೆ ಕಣೋ! ಬಾ ಬಾ, ಬೇಗ ಬಾ!”

ಆ ‘ಬಾ’ ಕೇಳಲು ನಾನು ಎಷ್ಟು ಚಳಿಗಾಲ ಕಾದಿದ್ದೆ! ಸಾಮಾನೆಲ್ಲ ಸೋಫಾದ ಮೇಲೆ ಸುರಿದು ಎಡಗಡೆ ಕೂತೆ. ಅವಳ ಭುಜಕ್ಕೆ ನನ್ನ ಭುಜ ತಾಗಿತು. ಇಬ್ಬರೂ ಆಡಿದೆವು, ಕಿರುಚಿದೆವು, ಅವಳು ನನ್ನನ್ನು ಕತ್ತೆ ಎಂದಳು. ಅಷ್ಟರಲ್ಲಿ ವೀರ ಮತ್ತೆ ಕುಂಟಿದ.

ಅತ್ತೆ ಸೂಪು ಬಡಿಸುತ್ತಿದ್ದವರು ಸೌಟು ಹಿಡಿದೇ ಬಗ್ಗಿ ನೋಡಿದರು.

“ಆ-ಹಾನ್, ಒಂದ್ಸಲ ಏಳು.”

ಎದ್ದೆ. ಸ್ವಲ್ಪ ಹೊತ್ತಿಗೆ ವೀರ ಓಡಿದ.

“ಕೂರು.”

ಕೂತೆ. ಕುಂಟಿದ.

“ಏಳು.”

ಓಡಿದ.

“ಒಂದು ಪೊಟ್ಟಣ ತೆಗೆದೆ,” ಅತ್ತೆ ಸೌಟನ್ನು ನನ್ನ ಹೊಟ್ಟೆಯ ಕಡೆಗೆ ತೋರಿಸಿದರು, “ಇನ್ನೊಂದು ಇಲ್ಲೇ ಕೂತಿದೆ.”

ಜಾಕೆಟ್ಟು, ಅದರೊಳಗಿನ ನಾನು, ಎರಡೂ ಸೇರಿ ಎಡಗಡೆಯ ಬಾಯಿಯನ್ನು ಗಾಳಿಯಾಡದಂತೆ ಮುಚ್ಚಿದ್ದೆವು. ನಾನು ಆಫೀಸಿನಲ್ಲಿ ಮಿಲಿಮೀಟರ್ ಮಿಲಿಮೀಟರಾಗಿ ತೆಗೆಯುತ್ತಿದ್ದುದೆಲ್ಲ ಎಲ್ಲಿ ಹೋಗಿ ಸೇರುತ್ತಿತ್ತು ಎಂಬುದು ಆಗ ತಿಳಿಯಿತು. ಹಳೆಯ ಯಂತ್ರದ ಕಾಲದಲ್ಲಿ ಯಂತ್ರ ದಪ್ಪ, ನಾನು ತೆಳ್ಳಗೆ.

ಮೇ-ಯುನ್ ಮೇಜಿಗೆ ತಲೆಯಿಟ್ಟು ನಕ್ಕಳು. “ಎರಡೂ ತೆಳ್ಳಗೆ ಸಿಗೋ ಯೋಗ ನನಗಿಲ್ಲ ಬಿಡಮ್ಮ!”

“ಬಲಗಡೆ ಕೂರ್ತೀನಿ,” ಎಂದೆ.

“ಅಲ್ಲೂ ಬಾಯಿದೆ.”

“ಹಿಂದೆ?”

“ಅಲ್ಲೂ ಇದೆಯಲ್ಲೋ. ನೀನೇ ಮೇಜು ಗುದ್ದಿ ಇಡಿಸಿದ್ದು ಅಂತಿದ್ದೆ.”

ಹೀಗೆ ನಾನು ಮೇಜಿನ ದೂರದ ಮೂಲೆಗೆ, ಗಾಳಿಗೆ ಅಡ್ಡಬಾರದ ಜಾಗಕ್ಕೆ, ಸೂಪಿನ ಬಟ್ಟಲಿನೊಂದಿಗೆ ಸ್ಥಳಾಂತರಗೊಂಡೆ. ಮೇ-ಯುನ್ ಯಂತ್ರದ ನಟ್ಟನಡುವೆ ಕೂತು ಕೀಬೋರ್ಡನ್ನೂ ತಾನೇ ತೆಗೆದುಕೊಂಡಳು. ಓಡುವುದೂ ಅವಳೇ, ಗುಂಡು ಹಾರಿಸುವುದೂ ಅವಳೇ. ಬಲಗೈಗೆ ಬಲಗಡೆಯ ಬಾಯಿಂದಲೇ ಬೆಚ್ಚಗೆ ಗಾಳಿ ಬರುತ್ತಿತ್ತು. ಕೈ ಕಾಯಿಸಲು ಯಾರ ಎದೆಯನ್ನೂ ದಾಟಬೇಕಾಗಿರಲಿಲ್ಲ. ಯಂತ್ರ ಸದ್ದಿಲ್ಲದೆ, ತಣ್ಣಗೆ, ಒಂದಿಷ್ಟೂ ಕುಂಟದೆ ನಡೆಯಿತು. ನನ್ನ ವೃತ್ತಿಜೀವನದಲ್ಲಿ ಇಷ್ಟು ಒಳ್ಳೆಯ ಯಂತ್ರ ಮಾಡಿಲ್ಲ. ಇಷ್ಟು ಬೇಸರವೂ ಆಗಿಲ್ಲ.

ಅವಳು ಆಡುತ್ತ ಆಡುತ್ತ ತಟ್ಟನೆ ನಿಲ್ಲಿಸಿ, ಪರದೆಯ ಮೇಲಿಂದ ನನ್ನ ಕಡೆ ನೋಡಿದಳು. ದನಿ ಮೆತ್ತಗಾಗಿತ್ತು.

“ಯಾಕೋ ಎಡಗಡೆ ಚಳಿ ಆಗ್ತಿದೆ ಕಣೋ.”

ನಾನು ಬಟ್ಟಲು ಕೆಳಗಿಟ್ಟೆ. ಜಾಕೆಟ್ ಬಿಚ್ಚಿ ಎಸೆದೆ. ಉಸಿರು ಎಳೆದು, ಇದ್ದಷ್ಟು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡು ಎದ್ದುನಿಂತೆ.

“ನೀನು ಕೂತ್ಕೋ, ಕೂತ್ಕೋ,” ಎಂದಳು. “ಅಮ್ಮ, ಆ ಶಾಲು ಕೊಡ್ತೀಯಾ?”

ಅತ್ತೆ ಶಾಲನ್ನು ಮಗಳ ಎಡಭುಜದ ಮೇಲೆ ಹಾಸಿದರು. ಶಾಲಿಗೆ ಹೊಟ್ಟೆ ಇರುವುದಿಲ್ಲ ನೋಡಿ.