ರಿಜಿಸ್ಟರ್ ಸಮೇತ ಸೆನ್ಸರ್

ಜನನ ದಾಖಲೆ ಕೊಠಡಿಯಲ್ಲಿ ತೇವಾಂಶವು ಶೇಕಡಾ ಐವತ್ತನ್ನು ಮೀರತಕ್ಕದ್ದಲ್ಲ ಎಂಬ ನಿಯಮ ಇಪ್ಪತ್ತೆರಡು ವರ್ಷಗಳಿಂದ ಜಾರಿಯಲ್ಲಿತ್ತು. ಅಷ್ಟೂ ವರ್ಷ ತೇವಾಂಶ ಅದನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿತ್ತು. ಅಳೆಯುವ ಸಾಧನವೇ ಇಲ್ಲದ್ದರಿಂದ ಉಲ್ಲಂಘನೆಗೆ ಆಸ್ಪದವಿರಲಿಲ್ಲ.

ಕೊಠಡಿ ಇದ್ದದ್ದು ಸೂರು ತೊಟ್ಟಿಕ್ಕುವ ನೆಲಮಾಳಿಗೆಯಲ್ಲಿ. ಅಲ್ಲಿನ ರಿಜಿಸ್ಟರುಗಳ ಪುಟ ಬಿಡಿಸಿದರೆ ಯಾರದೋ ಹೆಸರು ಅಂಗೈಗೆ ಅಂಟಿಕೊಂಡು ಬರುತ್ತಿತ್ತು. ಹಾಗೆ ಹೆಸರು ಕಳೆದುಕೊಂಡವರಿಗೆ 'ತಾವು ಹುಟ್ಟಿರುವುದು ಕಂಡುಬಂದಿರುವುದಿಲ್ಲ' ಎಂಬ ಹಿಂಬರಹವನ್ನು ಕಾಲಮಿತಿಯೊಳಗೆ ಕೊಡಲಾಗುತ್ತಿತ್ತು.

ಈ ನಡುವೆ ವಾರ್ಷಿಕ ವರದಿಯ ನಮೂನೆಯಲ್ಲಿ ತೇವಾಂಶಕ್ಕೆಂದೇ ಹೊಸ ಕಾಲಂ ಬಂತು. ಅದನ್ನು ತುಂಬಲು ಮೂರು ತಿಂಗಳ ಗುತ್ತಿಗೆಯ ಮೇಲೆ ಒಬ್ಬ ಪ್ರೋಗ್ರಾಮರಳನ್ನು ನೇಮಿಸಲಾಯಿತು. ಆಕೆ ದಾಖಲೆ ಗುಮಾಸ್ತರ ಅಕ್ಕನ ಮಗಳಾಗಿರುವುದು ಕೇವಲ ಕಾಕತಾಳೀಯ ಎಂದು ಆಯ್ಕೆ ಸಮಿತಿ, ಅಂದರೆ ಗುಮಾಸ್ತರು, ಷರಾ ಬರೆದಿದ್ದರು.

ಹುಡುಗಿ ಕೆಲಸದಲ್ಲಿ ಗಟ್ಟಿಗಿತ್ತಿ. ಬೆರಳುದ್ದದ ಸೆನ್ಸರನ್ನು ಕಪಾಟಿಗೆ ಕಟ್ಟಿ, ಯಾವ ಸಿದ್ಧ ಲೈಬ್ರರಿಯನ್ನೂ ನೆಚ್ಚದೆ ಸಿ ಭಾಷೆಯಲ್ಲಿ ತಾನೇ ಕೋಡ್ ಬರೆದಳು. ತಂತಿಯ ವೋಲ್ಟೇಜನ್ನು ಹದಿನೆಂಟು ಮಿಲಿಸೆಕೆಂಡು ಕೆಳಗಿಳಿಸಿ ಬಿಟ್ಟರೆ ಸೆನ್ಸರ್ ನಲವತ್ತು ಮಿಡಿತಗಳಲ್ಲಿ ಉತ್ತರಿಸುತ್ತದೆ. ಗಿಡ್ಡ ಮಿಡಿತ ಸೊನ್ನೆ, ಉದ್ದದ್ದು ಒಂದು. ಎರಡು ದಿನ ಅದು ಬಾಯೇ ಬಿಡಲಿಲ್ಲ. ಮೂರನೆಯ ದಿನ ಬಾಯಿಬಿಟ್ಟಿತು.

"ಏನಂತೆ?" ಎಂದರು ಗುಮಾಸ್ತರು.

"ತೊಂಬತ್ತೊಂದಂತೆ ಮಾವ."

"ಇಷ್ಟು ಹೇಳೋಕೆ ತಂತಿ ಬೇಕಿತ್ತೇನೇ? ನನ್ನ ಎದೆಗೂಡನ್ನ ಕೇಳಿದ್ರೆ ಸಾಕಿತ್ತು" ಎಂದು ಮಾವ ಗೋಡೆ ಹಿಡಿದು ಕೆಮ್ಮಿದರು. ಆ ಕೆಮ್ಮು ಮುಗಿಯುವಷ್ಟರಲ್ಲಿ ಸೆನ್ಸರನ್ನು ಹನ್ನೊಂದು ಸಲ ಓದಬಹುದಾಗಿತ್ತು. ಅವಳು ಓದಲಿಲ್ಲ, ಮಾವನ ಬೆನ್ನು ನೀವುತ್ತ ನಿಂತಳು.

ವರದಿ ನೋಡಿದ ನಿರ್ದೇಶಕರು ಅವಳನ್ನು ಮೇಲಿನ ಮಹಡಿಯ ಎಸಿ ಕೋಣೆಗೆ ಕರೆಸಿದರು.

"ಈ ಸೆನ್ಸರು ಕೇಳಿದ ತಕ್ಷಣ ಉತ್ತರ ಕೊಡುತ್ತಂತೆ?"

"ಹೌದು ಸರ್."

"ಉತ್ತರಕ್ಕೆ ಮೂವತ್ತು ದಿನ ಅವಕಾಶ ಇದೆಯಲ್ಲಮ್ಮ. ಇಷ್ಟೊಂದು ಅವಸರ ಯಾಕೆ? ಅನುಮಾನ ಬರುತ್ತೆ."

"ಲೆಕ್ಕ ತಪ್ಪಿಲ್ಲ ಸರ್. ಕೊನೆಯ ಎಂಟು ಮಿಡಿತಗಳಲ್ಲಿ ಹಿಂದಿನ ಅಂಕಿಗಳನ್ನ ಅದೇ ಕೂಡಿ ತಾಳೆ ನೋಡಿ ಹೇಳುತ್ತೆ."

"ತನ್ನ ತಪಾಸಣೆ ತಾನೇ ಮಾಡ್ಕೊಳ್ಳುತ್ತಾ? ಅದು ನಮ್ಮ ದರ್ಜೆಯವರಿಗೆ ಮಾತ್ರ ಇರೋ ಸೌಲಭ್ಯ." ನಿರ್ದೇಶಕರ ಬೆರಳು ಇನ್ನೊಂದು ಸಾಲಿಗೆ ಇಳಿಯಿತು. "ಇದೇನಿದು? 'ರಿಜಿಸ್ಟರಿಗೆ ನೇರವಾಗಿ ಬರೆಯಲಾಗಿದೆ'! ಯಾರ ಅನುಮತಿ ತಗೊಂಡು ಬರೆದ್ರಿ?"

ಅವಳು ಹೇಳಿದ್ದು ಕಂಪ್ಯೂಟರ್ ಚಿಪ್‌ನೊಳಗಿನ ರಿಜಿಸ್ಟರು, ಅಂದರೆ ಅಂಕಿ ಹಿಡಿದಿಡುವ ಪುಟ್ಟ ಗೂಡು. ವಿವರಿಸಲು ಬಾಯಿ ತೆರೆದಳು. ನಿರ್ದೇಶಕರು ಕೈ ಅಡ್ಡ ಹಿಡಿದರು. "ಇರಲಿ. ಸೆನ್ಸರಿಗೆ ಕೆಳಗಿನ ಹವಾ ಒಗ್ಗಿಲ್ಲ. ನನ್ನ ಕೋಣೆಗೆ ತಂದಿಡಿ. ಐವತ್ತು ಅನ್ನುತ್ತೆ."

ಅವಳು ವಿವರಣೆಯನ್ನು ಕೈಬಿಟ್ಟಳು. ಆಮೇಲೆ ಅತ್ಯಂತ ವಿನಯದಿಂದ ಹೇಳಿದಳು: "ಆಗಬಹುದು ಸರ್. ಆದರೆ ರಿಜಿಸ್ಟರ್ ಬಿಟ್ಟು ಅದು ಕೆಲಸ ಮಾಡಲ್ಲ. ಅದು ಎಲ್ಲಿರುತ್ತೋ ರಿಜಿಸ್ಟರೂ ಅಲ್ಲೇ ಇರಬೇಕು."

ಇದು ನೂರಕ್ಕೆ ನೂರು ಸತ್ಯವಾಗಿತ್ತು.

"ಎಲ್ಲಾ ರಿಜಿಸ್ಟರೂ?"

"ಒಂದೂ ಬಿಡೋ ಹಾಗಿಲ್ಲ ಸರ್."

ಆದೇಶ ಹೊರಟಿತು. ಒಂಬತ್ತು ಸಾವಿರ ರಿಜಿಸ್ಟರುಗಳು ಮೆಟ್ಟಿಲು ಹತ್ತಿ ಎಸಿ ಕೋಣೆ ಸೇರಿದವು. ದಾಖಲೆಗಳ ಜೊತೆಗೇ ಗುಮಾಸ್ತರು ಕೂರಬೇಕೆಂಬ ನಿಯಮವಿದ್ದುದರಿಂದ ಮಾವನೂ ಹತ್ತಿದರು. ನಿರ್ದೇಶಕರ ಮೇಜಿಗೆ ಜಾಗ ಉಳಿಯಲಿಲ್ಲ. ಖಾಲಿ ಬಿಟ್ಟ ಕೊಠಡಿಯನ್ನು ಪಕ್ಕದ ಇಲಾಖೆ ವಶಪಡಿಸಿಕೊಳ್ಳಬಹುದಾಗಿತ್ತು. ಆದಕಾರಣ ನಿರ್ದೇಶಕರು ನೆಲಮಾಳಿಗೆಗೆ ಸ್ಥಳಾಂತರಗೊಂಡರು. ಸೆನ್ಸರ್ ನಲವತ್ತೊಂಬತ್ತು ಎಂದಿತು. ತೇವಾಂಶವನ್ನು ಶಿಸ್ತಿಗೆ ತಂದದ್ದಕ್ಕೆ ನಿರ್ದೇಶಕರಿಗೆ ಪ್ರಶಂಸಾಪತ್ರ ಬಂತು. ಒಣಗಿದ ಪುಟಗಳಲ್ಲಿ ಹೆಸರು ಸಿಕ್ಕಿ, ಹುಟ್ಟಿರದ ಇನ್ನೂರು ಜನ ಆ ತಿಂಗಳೇ ಅಧಿಕೃತವಾಗಿ ಹುಟ್ಟಿದರು.

ಮಾವನ ಕೆಮ್ಮು ನಿಂತಿತು. ಒಂದು ದಿನ ನಿರ್ದೇಶಕರೇ ಮೆಟ್ಟಿಲು ಹತ್ತಿ ಬಂದು, ಕೆಮ್ಮುತ್ತ, ಕೆಳಗೂ ಒಂದು ಸೆನ್ಸರ್ ಬೇಕೆಂದು ಅರ್ಜಿ ಕೊಟ್ಟರು.

ಮಾವ ನಿಯಮದ ಪುಸ್ತಕವನ್ನು ಎರಡು ಸಲ ತಿರುವಿದರು. "ಕ್ಷಮಿಸಿ ಸ್ವಾಮಿ. ತೇವಾಂಶದ ನಿಯಮ ಕಾಗದಕ್ಕೆ ಮಾತ್ರ. ಮನುಷ್ಯರಿಗೆ ಅನ್ವಯಿಸಲ್ಲ."

ನಿರ್ದೇಶಕರು ಆ ಪುಟವನ್ನು ತಾವೇ ಓದಿ ನೋಡಿದರು. "ಸರಿಯಾಗೇ ಇದೆ" ಎಂದು ಅರ್ಜಿಯ ಮೇಲೆ 'ತಿರಸ್ಕರಿಸಲಾಗಿದೆ' ಎಂದು ಸಹಿ ಹಾಕಿ, ಕೊಡೆ ಬಿಚ್ಚಿಕೊಂಡು ಕೆಳಗಿಳಿದರು.