ಬಿಂದಿಗೆಗೆ ಬಂಗಾರದ ಫಿನಿಷಿಂಗು

ಚಳ್ಳಕೆರೆಯ ಪಾಲಾಕ್ಷನಿಗೆ ಇದ್ದದ್ದು ಒಂದೇ ಕೊರಗು. ಊರೆಲ್ಲ ಹೊಗಳುವ ಅವನ ಕೈಚಳಕವನ್ನು ಹೆಂಡತಿ ಶಾಂತಕುಮಾರಿ ಮದುವೆಯಾದಾಗಿನಿಂದ ಒಂದು ಸಲವೂ ಹೊಗಳಿರಲಿಲ್ಲ. ಹೊಗಳುವುದು ಹಾಗಿರಲಿ, ಕತ್ತೆತ್ತಿ ನೋಡಿಯೂ ಇರಲಿಲ್ಲ.

ಅವನ ಕೆಲಸವೇನು ಸಾಮಾನ್ಯದ್ದೇ? ಎಣ್ಣೆ ಮಿಲ್ಲುಗಳ ಸಾಲು ಮುಗಿಯುವಲ್ಲಿ, ಪಂಚರ್ ಅಂಗಡಿಯ ಪಕ್ಕಕ್ಕೆ 'ಪಾಲಾಕ್ಷ ಫಿನಿಷಿಂಗ್ ವರ್ಕ್ಸ್' ಎಂಬ ಬೋರ್ಡು ತೂಗುತ್ತಿತ್ತು. ತುಕ್ಕು ಹಿಡಿದ ಬಂಪರ್ ಬರಲಿ, ಮಂಕಾದ ವೀಲ್ ಕಪ್ ಬರಲಿ, ಎಮರಿ ಕಾಗದದಲ್ಲಿ ತಿಕ್ಕಿ, ಗಿರ್ರನೆ ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದು, ಮೇಲೆ ಬಣ್ಣದ ಲ್ಯಾಕರ್ ಹೊಡೆದನೆಂದರೆ ಮುಗಿಯಿತು, ಅದನ್ನು ಹೆತ್ತ ಕಂಪನಿಗೂ ಗುರುತು ಸಿಗುತ್ತಿರಲಿಲ್ಲ. ಕಾರಿಗೆ ಸ್ಟೀರಿಯೋ ಹಾಕಿಸುವ ಹುಚ್ಚು ಊರಿಗೆ ಬಂದ ಮೇಲಂತೂ ಅವನ ಸುವರ್ಣಯುಗವೇ ಶುರುವಾಯಿತು. ಸ್ಪೀಕರಿನ ಬಳೆ, ಅದರ ಮೇಲಿನ ಜಾಲರಿ, ಆಂಪ್ಲಿಫೈಯರಿನ ಡಬ್ಬಿ ಎಲ್ಲಕ್ಕೂ ಜನ ಬಂಗಾರದ ಫಿನಿಷಿಂಗ್ ಕೇಳತೊಡಗಿದರು. (ಹಾಡು ಹೇಗಾದರೂ ಇರಲಿ, ಹಾಡುವ ಡಬ್ಬಿ ಮಿಂಚಬೇಕು ಎಂಬುದು ಆ ಕಾಲದ ಸಂಗೀತ ಶಾಸ್ತ್ರ.)

ಎಣ್ಣೆ ಮಿಲ್ಲಿನ ಕೊಟ್ಟೂರಪ್ಪನವರ ಬಿಳಿ ಅಂಬಾಸಿಡರ್ ಕಾರಿನ ಸ್ಟೀರಿಯೋಗೆ ಪಾಲಾಕ್ಷ ತಲೆಯಿಂದ ಕಾಲಿನವರೆಗೆ ಬಂಗಾರ ಹೊಡೆದು ಕೊಟ್ಟ ದಿನ, ಮಾರ್ಕೆಟ್ಟಿಗೆ ಶೇಂಗಾ ತಂದಿದ್ದವರೂ ಕಾರಿನ ಕಿಟಕಿಗೆ ಮುಖ ಆನಿಸಿ ನೋಡಿದರು. 'ಪಾಲಾಕ್ಷ, ನಿನ್ನ ಕೈಗೆ ಬಂಗಾರದ ಕಡಗ ತೊಡಿಸ್ಬೇಕು ಕಣಲೇ,' ಎಂದರು ಕೊಟ್ಟೂರಪ್ಪ. ಆ ಮಾತನ್ನು ಬಾಯಲ್ಲಿಟ್ಟುಕೊಂಡೇ ಅವನು ಮನೆಗೆ ಓಡಿದ. ಶಾಂತಕುಮಾರಿ ಸೊಂಟದ ಮೇಲೆ ಹಿತ್ತಾಳೆ ಬಿಂದಿಗೆ ಇಟ್ಟುಕೊಂಡು ನಲ್ಲಿಯಿಂದ ಬರುತ್ತಿದ್ದಳು.

'ಕೊಟ್ಟೂರಪ್ಪೋರ ಕಾರು ಬೀದ್ಯಾಗೆ ನಿಂತೈತೆ. ಬಂದು ಒಂದ್ಸಲ ನೋಡೇ. ಊರೇ ನೋಡ್ತೈತೆ,' ಎಂದ.

'ಹೊಳೆದ್ರೆ ಹಾಡು ಚೆನ್ನಾಗಿ ಕೇಳ್ತೈತೇನ್ರಿ?' ಎಂದು ಕೇಳಿ ಅವಳು ನೀರು ಚೆಲ್ಲದಂತೆ ಒಳಗೆ ಹೋದಳು.

ಕೊಂಕು ಇರಲಿಲ್ಲ, ಕೋಪವೂ ಇರಲಿಲ್ಲ. ತಿಳಿದುಕೊಳ್ಳುವ ಇಚ್ಛೆಯಿಂದಲೇ ಕೇಳಿದ್ದಳು. ಅದೇ ಪಾಲಾಕ್ಷನಿಗೆ ಹೆಚ್ಚು ಚುಚ್ಚಿತು. ಈ ಹೆಂಗಸಿಗೆ ಕಾರಿನ ಭಾಷೆ ಅರ್ಥವಾಗುವುದಿಲ್ಲ, ಅಡುಗೆಮನೆಯ ಭಾಷೆಯಲ್ಲೇ ಹೇಳಬೇಕು ಎಂದು ಆ ಹೊತ್ತಿಗೆ ಅವನಿಗೆ ಹೊಳೆಯಿತು. (ಪಾಲಾಕ್ಷನಿಗೆ ಏನಾದರೂ ಹೊಳೆದಾಗಲೆಲ್ಲ ಮನೆಯವರು ಹುಷಾರಾಗಿರುವುದು ಒಳ್ಳೆಯದು.) ಅವಳು ತಂಗಿಯ ಮಗುವಿನ ನಾಮಕರಣಕ್ಕೆ ತವರೂರು ಮೊಳಕಾಲ್ಮೂರಿಗೆ ಹೊರಡುವುದನ್ನೇ ಕಾದಿದ್ದು, ಬಸ್ಸು ಹತ್ತಿಸಿ ಬಂದವನೇ ಆ ಬಿಂದಿಗೆಯನ್ನು ಅಂಗಡಿಗೆ ಎತ್ತಿಕೊಂಡು ಹೋದ.

ಬಿಂದಿಗೆ ಅವಳ ತವರಿನದು. ಅವಳ ತಾಯಿ, ಈಗ ತೀರಿಕೊಂಡಿರುವ ನಿಂಗಕ್ಕ, ಮದುವೆಯಲ್ಲಿ ಕೊಟ್ಟಿದ್ದು. ಹಳೆಯದಾಗಿ ಅಲ್ಲಲ್ಲಿ ತಗ್ಗಾಗಿತ್ತು. ಪಾಲಾಕ್ಷ ಮರದ ಕೊಡತಿಯಲ್ಲಿ ಒಳಗಿನಿಂದ ತಟ್ಟಿ ತಟ್ಟಿ ಮೈಯನ್ನು ನಯ ಮಾಡಿದ. ಕತ್ತಿನ ಬುಡದಲ್ಲಿ ಒಂದಷ್ಟು ಚುಕ್ಕಿ ಚುಕ್ಕಿ ಗುಳಿಗಳಿದ್ದವು. ಸಣ್ಣ ಗುಳಿಯೆಂದರೆ ಅವನ ಕಸುಬಿಗೆ ಶತ್ರು. ಅದರ ಮೇಲೆ ಲ್ಯಾಕರ್ ಸರಿಯಾಗಿ ಕೂರುವುದಿಲ್ಲ. ಒರಟು ಎಮರಿ ಹಾಕಿ ಉಜ್ಜಿದ, ಹೋಗಲಿಲ್ಲ. ಚಕ್ರಕ್ಕೆ ಒತ್ತಿ ಹಿಡಿದು ಹಟ ಹಿಡಿದವನಂತೆ ಉಜ್ಜಿದ, ಹೋದವು. ಕೊಟ್ಟೂರಪ್ಪನವರ ಸ್ಪೀಕರಿಗೆ ಹೊಡೆದು ಉಳಿದಿದ್ದ ಬಂಗಾರದ ಲ್ಯಾಕರನ್ನು ಎರಡು ಕೋಟು ಹೊಡೆದು, ಒಣಗಿಸಿ, ನಡುಮನೆಯ ಗೂಡಿನಲ್ಲಿಟ್ಟು, ಮುಂದೆ ಕಾಲಮೇಲೆ ಕಾಲು ಹಾಕಿ ಹೆಂಡತಿಯನ್ನು ಕಾದು ಕೂತ.

ಶಾಂತಕುಮಾರಿ ಬಂದಳು. ಚೀಲ ಇಳಿಸಿದಳು. ಅಡುಗೆಮನೆಗೆ ಹೋಗಿ ತಿರುಗಿ ಬಂದಳು.

'ನನ್ನ ಬಿಂದಿಗೆ ಎಲ್ಲಿ ಹೋತು?'

'ನಿನ್ನ ಕಣ್ಣೆದುರಿಗೇ ಐತಲ್ಲ,' ಎಂದು ಪಾಲಾಕ್ಷ ಕೈ ತೋರಿಸಿದ. 'ಇನ್ಮೇಲೆ ಇದಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಬಾರ್ದು. ಬೂದಿ ಮುಟ್ಟಿಸಬಾರ್ದು. ಬಿಸಿಲಿಗೆ ಇಡಬಾರ್ದು. ನಲ್ಲಿ ಕಟ್ಟೆ ಮೇಲೆ ಕುಕ್ಕಬಾರ್ದು. ಹೊರಗೆ ನೀರು ಬಿದ್ರೆ ಮೆತ್ತಗಿನ ಬಟ್ಟೆ ತಗೊಂಡು ಒರೆಸ್ಬೇಕು.'

ಒಟ್ಟಿನಲ್ಲಿ ನೀರಿನಿಂದ ದೂರವಿಡಬೇಕಾದ ಬಿಂದಿಗೆಯೊಂದನ್ನು ಅವನು ತಯಾರಿಸಿದ್ದ. ಶಾಂತಕುಮಾರಿ ಆ ನಿಯಮಗಳನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಬಿಂದಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕತ್ತಿನ ಸುತ್ತ ಹೆಬ್ಬೆರಳು ಆಡಿಸಿದಳು. ಒಂದು ಸುತ್ತು ಬಂದ ಬೆರಳು ಮತ್ತೊಂದು ಸುತ್ತು ಹೋಯಿತು.

'ಹೆಸರೆಲ್ಲಿ?' ಎಂದಳು.

'ಯಾವ ಹೆಸರು?'

'ಇಲ್ಲಿ ಹೆಸರಿತ್ತಲ್ಲ. ನಮ್ಮವ್ವ ಪಾತ್ರೆ ಅಂಗಡ್ಯಾಗೆ ಎದುರಿಗೆ ಕೂತು ಹಾಕಿಸಿದ್ದು.'

'ಹೆಸರಾ ಅದು? ನಾನು ಸವೆದ ಗುಳಿ ಅಂದ್ಕೊಂಡೆ,' ಎಂದ ಪಾಲಾಕ್ಷ.

ಅವಳು ಬೈದಿದ್ದರೆ ಅವನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದ. ಅವಳು ಬೈಯಲಿಲ್ಲ. ಬಿಂದಿಗೆಯನ್ನು ಗೂಡಿಗೇ ಇಟ್ಟು, ಸಂಜೆ ಬಜಾರಿಗೆ ಹೋಗಿ ನೀಲಿ ಬಣ್ಣದ ಪ್ಲಾಸ್ಟಿಕ್ ಕೊಡ ತಂದಳು. ಅಂದಿನಿಂದ ಅವನ ಜೊತೆ ಮಾತು ಬಿಟ್ಟು ಗೋಡೆಯ ಜೊತೆ ಶುರುಮಾಡಿದಳು. 'ಅಡಿಗೆ ಆಗೈತೆ, ಉಣ್ಣೋರು ಉಣ್ಣಬೋದು,' ಎನ್ನುವಳು. 'ಬಾಗ್ಲು ಹಾಕ್ತೀನಿ, ಒಳಗೆ ಬರೋರು ಬರಬೋದು,' ಎನ್ನುವಳು. ಗೋಡೆ ಉಣ್ಣಲಿಲ್ಲ, ಪಾಲಾಕ್ಷ ಉಂಡ, ಆದರೆ ರುಚಿ ಹತ್ತಲಿಲ್ಲ.

ನಲ್ಲಿಯ ಹತ್ತಿರ ಪ್ಲಾಸ್ಟಿಕ್ ಕೊಡ ಕಂಡ ಹೆಂಗಸರು ಕಾರಣ ಕೇಳಿದರು. ಅವಳು ಒಂದೇ ಮಾತಿನಲ್ಲಿ ಹೇಳಿದಳು. ಅದು ಊರು ಸುತ್ತಿ ಬರುವಷ್ಟರಲ್ಲಿ ಪಾಲಾಕ್ಷನಿಗೆ 'ಹೆಸರು ಅಳಿಸೋ ಪಾಲಾಕ್ಷ' ಎಂಬ ಬಿರುದು ಖಾಯಂ ಆಗಿತ್ತು. ಬಿರುದಿನ ಹಿಂದೆಯೇ ಹೊಸ ಗಿರಾಕಿಗಳೂ ಬಂದರು. ಮೊದಲು ಬಂದವರು ಹಿಂದಿನ ಬೀದಿಯ ಕಮಲಾಕ್ಷಮ್ಮ, ಆಟೋದಲ್ಲಿ, ಕಂಬಳಿ ಹೊದಿಸಿದ ಒಂದು ತಾಮ್ರದ ಹಂಡೆಯ ಸಮೇತ.

'ನಿನ್ನ ಕೈಗುಣ ಭಾಳ ಚೆನ್ನಾಗೈತಂತೆ ಕಣಪ್ಪ,' ಎಂದರು ದನಿ ತಗ್ಗಿಸಿ. 'ಇಲ್ಲೊಂದು ಹೆಸರೈತೆ, ಒಂಚೂರು ಹೋಗೋ ಹಂಗೆ ಮಾಡು. ಹೊಳಪು ಪಳಪು ಏನೂ ಬ್ಯಾಡ.'

ಪಾಲಾಕ್ಷ ಈ ಸಲ ಕಣ್ಣಿಟ್ಟು ನೋಡಿದ. 'ಹುಚ್ಚಕ್ಕ ಅಂತೈತಲ್ಲಮ್ಮ. ಅದು ನಿಮ್ಮ ವಾರಗಿತ್ತೇರ ಹೆಸರಲ್ವಾ?'

'ಹೆಸರು ಅವಳದು, ಹಂಡೆ ನಂದು. ಮನೆ ಪಾಲಾದಾಗ ನನ್ನ ಕಡೀಗೆ ಬರಬೇಕಾಗಿತ್ತು. ಈಗ ಬಂದೈತೆ.'

'ಅವರಿಗೆ ಗೊತ್ತೈತಾ?'

'ಹೆಸರು ಹೋದ್ಮೇಲೆ ಹೇಳ್ತೀನಿ ಬಿಡಪ್ಪ.'

ಕೈ ಮುಗಿದು ಹಂಡೆಯನ್ನು ವಾಪಸು ಆಟೋಗೆ ಹತ್ತಿಸಿದ. ಅಷ್ಟು ಮಾಡಿದ್ದಕ್ಕೆ ಪುಣ್ಯವೇನೂ ಬರಲಿಲ್ಲ. ಮಾರನೆಯ ದಿನ ಹುಚ್ಚಕ್ಕನೇ ಅಂಗಡಿಯ ಮುಂದೆ ಬಂದು ನಿಂತು, 'ನಮ್ಮ ಹಂಡೆ ಎಲ್ಲಿ ಉಜ್ಜಿ ಬಚ್ಚಿಟ್ಟೀಯಪ್ಪ?' ಎಂದು ಎಣ್ಣೆ ಮಿಲ್ಲುಗಳ ಸಾಲಿಗೆಲ್ಲ ಕೇಳುವಂತೆ ವಿಚಾರಣೆ ನಡೆಸಿದಳು. ಪಾತ್ರೆಯ ಮೇಲಿನ ಒಂದು ಹೆಸರಿಗೆ ಇಷ್ಟೊಂದು ಬೆಲೆ ಇದೆಯೆಂದು ಪಾಲಾಕ್ಷನಿಗೆ ತಿಳಿದದ್ದೇ ಆಗ. ಹಂಡೆಯ ಮೇಲಿನ ಹೆಸರಿಗೆ ಹೆಂಗಸರು ಬೀದಿಗಿಳಿಯುತ್ತಾರೆ, ತನ್ನ ಹೆಂಡತಿ ಮಾತ್ರ ಒಂದು ಪ್ಲಾಸ್ಟಿಕ್ ಕೊಡ ತಂದು ಸುಮ್ಮನಾಗಿದ್ದಾಳೆ ಎಂದುಕೊಂಡ. ಸತ್ತ ತಾಯಿಯ ಹೆಸರನ್ನು ಅವಳ ಕೈಯಿಂದ ಕಿತ್ತುಕೊಂಡೆ ಎಂದು ನಿಜವಾಗಿಯೂ ನೊಂದುಕೊಂಡ.

ಬಂಗಾರವೇನೋ ಥಿನ್ನರ್ ಹಾಕಿ ಒರೆಸಿದರೆ ಹೋಯಿತು. ಹೋದ ಹೆಸರನ್ನು ತರಿಸುವ ಡಬ್ಬಿ ಅವನ ಅಂಗಡಿಯಲ್ಲಿರಲಿಲ್ಲ. ಚಳ್ಳಕೆರೆಯ ಪಾತ್ರೆ ಅಂಗಡಿಗೆ ಹೋಗೋಣವೆಂದರೆ ಬಿರುದು ಅವನಿಗಿಂತ ಮುಂಚೆ ಹೋಗಿ ಕೂತಿತ್ತು. ಆದ್ದರಿಂದ ಬಿಂದಿಗೆಯನ್ನು ಟವಲಿನಲ್ಲಿ ಸುತ್ತಿಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದ. ಅಲ್ಲಿ ಇಳಿದ ಮೇಲೆ ಮಾವ ಯರ್ರಪ್ಪನ ಮನೆಯಿದ್ದ ಬೀದಿಯನ್ನು ಬಿಟ್ಟು, ಮಗ್ಗದ ಸದ್ದು ಬರುತ್ತಿದ್ದ ಇನ್ನೊಂದು ಸಂದಿಯಿಂದ ಕಳ್ಳನಂತೆ ನುಗ್ಗಿ ಪಾತ್ರೆ ಅಂಗಡಿ ಸೇರಿದ. ಮಾವ ಎದುರಾಗಿ 'ಟವಲಿನಾಗೆ ಏನಳಿಯಂದ್ರೇ?' ಎಂದು ಕೇಳಿದರೆ ಹೇಳುವುದಕ್ಕೆ ಅವನ ಹತ್ತಿರ ಏನೂ ಇರಲಿಲ್ಲ.

ಹೆಸರು ಹಾಕುವವನು ಅಂಜಿನೇಯ ಎಂಬ ಮಾತಿನ ಮನುಷ್ಯ. ಬಿಂದಿಗೆಯನ್ನು ತಿರುಗಿಸಿ ನೋಡಿದ.

'ಏಮಣ್ಣಾ, ಯಾವನೋ ಇದನ್ನ ಚೆನ್ನಾಗಿ ಕೆರೆದವ್ನೆ. ಇಲ್ಲಿ ತಗಡು ತೆಳ್ಳಗಾಗೈತೆ ನೋಡು.'

'ಯಾರೋ ಗೊತ್ತಿಲ್ದೋರು ಮಾಡವ್ರೆ,' ಎಂದ ಪಾಲಾಕ್ಷ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

'ಏನು ಹೆಸರು ಹಾಕ್ಲಿ? ಕೊಟ್ಟೋರದಾ, ಇಸ್ಕೊಂಡೋರದಾ?'

'ಕೊಟ್ಟೋರದು. ನಿಂಗಕ್ಕ ಅಂತ ಹಾಕು,' ಎಂದ ಪಾಲಾಕ್ಷ ಗಟ್ಟಿಯಾಗಿ. ಮದುವೆಯ ಪಾತ್ರೆಯ ಮೇಲೆ ಕೊಟ್ಟವರ ಹೆಸರಿರುವುದು ಲೋಕಕ್ಕೆಲ್ಲ ಗೊತ್ತಿರುವ ಪದ್ಧತಿ. ಅಂಜಿನೇಯನ ಮಿಷನ್ನು ಕರಕರ ಸದ್ದು ಮಾಡುತ್ತ ಒಂದೊಂದೇ ಚುಕ್ಕಿ ಇಟ್ಟಿತು. ಅಕ್ಷರಗಳು ದುಂಡಗೆ ಬಂದವು. ಮರಳುವ ಬಸ್ಸಿನಲ್ಲಿ ಪಾಲಾಕ್ಷ ಟವಲು ಸರಿಸಿ ಮತ್ತೆ ಮತ್ತೆ ನೋಡಿಕೊಂಡ. ಅವನ ಜೀವಮಾನದಲ್ಲೇ ಒಂದು ಕೆಲಸ ಇಷ್ಟು ನಾಜೂಕಾಗಿ ಮುಗಿದಿರಲಿಲ್ಲ, ಅದನ್ನು ಮಾಡಿದವನು ಅವನಲ್ಲದಿದ್ದರೂ.

ಶಾಂತಕುಮಾರಿ ಜಗಲಿಯಲ್ಲಿ ಕೂತು ಶೇಂಗಾ ಬಿಡಿಸುತ್ತಿದ್ದಳು. ಪಾಲಾಕ್ಷ ಏನೂ ಹೇಳದೆ ಬಿಂದಿಗೆಯನ್ನು ಅವಳ ಮುಂದಿಟ್ಟ. ಅವಳು ಹೊಟ್ಟು ಕೊಡವಿ, ಕೈ ಒರೆಸಿಕೊಂಡು, ಹೆಸರಿನ ಮೇಲೆ ಬೆರಳಿಟ್ಟು ಓದಿದಳು. ಅವಳ ಕಣ್ಣು ತುಂಬಿತು. ಅಬ್ಬಾ, ಗೆದ್ದೆ ಎಂದುಕೊಂಡ ಪಾಲಾಕ್ಷ.

'ಇದನ್ನ ಯಾಕೆ ಹಾಕಿಸಿದ್ರಿ?' ಎಂದಳು. ಗೋಡೆಗಲ್ಲ, ಅವನಿಗೇ ಕೇಳಿದಳು.

'ಅಳಿಸಿದ್ದು ನಾನೇ, ಹಾಕಿಸೋನೂ ನಾನೇ. ನಿಮ್ಮವ್ವನ ಹೆಸರು ಮತ್ತೆ ಬಂತು ನೋಡು.'

'ನಮ್ಮವ್ವನ ಹೆಸರು ಇದರ ಮ್ಯಾಲೆ ಯಾವತ್ತೂ ಇರ್ಲಿಲ್ಲ,' ಎಂದಳು ಶಾಂತಕುಮಾರಿ. 'ನನ್ನ ಹೆಸರಿತ್ತು.'

ಪಾಲಾಕ್ಷ ಬಗ್ಗಿ ಬಿಂದಿಗೆಯ ಕತ್ತನ್ನು ನೋಡಿದ.

'ಅಂಗಡಿಯೋನು ಕೊಟ್ಟೋರ ಹೆಸರು ಹಾಕ್ತೀನಿ ಅಂದ. ನಮ್ಮವ್ವ ಒಪ್ಪಲಿಲ್ಲ. ಹೋಗೋ ಮನ್ಯಾಗೆ ಎಲ್ಲಾದರ ಮ್ಯಾಲೂ ಅವರ ಹೆಸರೇ ಇರ್ತೈತೆ, ನನ್ನ ಮಗಳದ್ದು ಅಂತ ಒಂದಾದ್ರೂ ಇರ್ಲಿ ಅಂತ ಹೇಳಿ ಶಾಂತಕುಮಾರಿ ಅಂತ ಪೂರ್ತಿ ಹಾಕಿಸಿದ್ಲು. ನೀವು ದಿನಾ ಅದರಾಗಿನ ನೀರೇ ಕುಡೀತಿದ್ರಿ.'

ಪಾಲಾಕ್ಷ ಲಾರಿ ಹಿಂದೆ ಬರೆದ ಸಾಲುಗಳನ್ನೆಲ್ಲ ನಿಂತು ಓದುವವನು. ಯಾವ ಟೆಂಪೋ ಮೇಲೆ ಯಾರ ಮಕ್ಕಳ ಹೆಸರಿದೆ ಎಂದು ನಿದ್ದೆಯಲ್ಲೆಬ್ಬಿಸಿ ಕೇಳಿದರೂ ಹೇಳುವವನು. ಬಿಂದಿಗೆಯ ಹೆಸರನ್ನು ಮಾತ್ರ ಓದಬೇಕೆಂದು ಅವನಿಗೆ ಅನಿಸಿರಲಿಲ್ಲ. ಇಷ್ಟು ವರ್ಷ ಅದು ಅವನಿಗೆ ನೀರು ಬರುವ ಜಾಗ ಮಾತ್ರವಾಗಿತ್ತು. ಅವನಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ನಾಚಿಕೆಯಾದಾಗ ಏನು ಮಾಡಬೇಕೆಂದು ತಿಳಿಯದೆ, ತನಗೆ ತಿಳಿದಿದ್ದ ಒಂದೇ ಉಪಾಯ ಹೇಳಿದ.

'ನಾಳೆ ಇದನ್ನ ಚಕ್ರಕ್ಕೆ ಹಿಡಿದು ತೆಗೆದ್ಬಿಡ್ತೀನಿ. ಆಮೇಲೆ ನಿನ್ನ ಹೆಸರು ಹಾಕಿಸಿದ್ರಾತು.'

'ಏನು ತೆಗೀತೀರಿ?'

'ಈ ಹೆಸರನ್ನ...' ಎಂದವನು ಅಲ್ಲಿಗೇ ನಿಂತ.

'ನಮ್ಮವ್ವನ ಹೆಸರನ್ನಾ?' ಎಂದಳು ಶಾಂತಕುಮಾರಿ.

ಮೊದಲ ಸಲ ಅಳಿಸಿದ್ದು ಗೊತ್ತಿಲ್ಲದೆ. ಎರಡನೆಯ ಸಲ ಅಳಿಸಿದರೆ ಗೊತ್ತಿದ್ದೇ ಅಳಿಸಿದಂತಾಗುತ್ತದೆ. ಬಿಟ್ಟರೆ ಹೆಂಡತಿಯ ಬಿಂದಿಗೆ ಹೆಂಡತಿಯದಲ್ಲ. ಎಂಥ ಗೀರನ್ನಾದರೂ ಮಾಯ ಮಾಡುತ್ತಿದ್ದ ಪಾಲಾಕ್ಷನಿಗೆ ಇದನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ತಿಳಿಯಲಿಲ್ಲ.

'ಹಂಗಾದ್ರೆ ಅದರ ಕೆಳಗೆ ನಿನ್ನ ಹೆಸರೂ ಹಾಕಿಸ್ತೀನಿ. ನಾಳೆ ಬಸ್ಸಿಗೇ ಹೋಗ್ತೀನಿ,' ಎಂದ ಮೆತ್ತಗೆ.

ಶಾಂತಕುಮಾರಿ ಪ್ಲಾಸ್ಟಿಕ್ ಕೊಡವನ್ನು ಮೂಲೆಗೆ ಸರಿಸಿ, ತಾಯಿಯ ಹೆಸರಿದ್ದ ಬಿಂದಿಗೆಯನ್ನು ಸೊಂಟಕ್ಕೆ ಏರಿಸಿಕೊಂಡು ಬಾಗಿಲ ತನಕ ಹೋದಳು.

'ಬ್ಯಾಡ,' ಎಂದಳು. 'ಹಾಕಿಸಿದ್ರೂ ನೀವೇನು ಓದೋದಿಲ್ಲ.'