ನಾನು ಬೇಡವೆಂದ ಆರ್ಕ್ಟಿಕ್

ಯಾರಾದರೂ ಏನನ್ನಾದರೂ ಕೊಡಲು ಬಂದರೆ ಮೊದಲ ಸಲಕ್ಕೇ ಕೈಚಾಚುವುದು ನಮ್ಮ ಮನೆಯಲ್ಲಿ ದೊಡ್ಡ ಅಪರಾಧವಾಗಿತ್ತು. ಪಂಕ್ತಿಯಲ್ಲಿ ಹೋಳಿಗೆ ಬಂದಾಗ ಎಲೆಗೆ ಎರಡೂ ಕೈ ಅಡ್ಡ ಹಿಡಿದು ‘ಬೇಡ, ಬೇಡ’ ಅನ್ನಬೇಕು. ಬಡಿಸುವವರು ‘ಒಂದೇ ಒಂದು’ ಅನ್ನಬೇಕು. ನಾವು ಮತ್ತೆ ತಲೆಯಾಡಿಸಬೇಕು. ಅವರು ಕೈಸಂದಿಯಿಂದಲೇ ಎಲೆಗೆ ಜಾರಿಸಬೇಕು. ಆಮೇಲೆ ‘ಅಯ್ಯೋ, ಹಾಕೇಬಿಟ್ಟಿರಲ್ಲ’ ಎಂದು ಮುಖ ಸಣ್ಣದು ಮಾಡಿಕೊಂಡು ತುಪ್ಪ ಎಲ್ಲಿ ಎಂದು ನೋಡಬೇಕು. ಇದರಲ್ಲಿ ಸುಳ್ಳೇನೂ ಇಲ್ಲ. ಇಬ್ಬರಿಗೂ ತಮ್ಮ ತಮ್ಮ ಮಾತು ಬಾಯಿಪಾಠವಾಗಿರುವ ನಾಟಕ. ಎದ್ದ ಕೂಡಲೇ ಹಾಸಿಗೆ ಮಡಿಸುವುದನ್ನೂ, ಪಾತ್ರೆ ತೊಳೆಯದೆ ಮಲಗದಿರುವುದನ್ನೂ ಕಲಿತ ಹಾಗೆಯೇ ನಾನು ಇದನ್ನೂ ಕಲಿತೆ. ಇಂಗ್ಲೆಂಡಿನ ಲೀಡ್ಸಿಗೆ ಬಂದ ಮೇಲೆ ಅಂಗಡಿಯಲ್ಲಿ, ಬಸ್ಸಿನಲ್ಲಿ, ಪಕ್ಕದ ಮನೆಯವರ ಟೀ ವಿಷಯದಲ್ಲಿ ‘ಯೆಸ್ ಪ್ಲೀಸ್’ ಅನ್ನುವುದನ್ನು ರೂಢಿ ಮಾಡಿಕೊಂಡೆ. ಆದರೆ ಅದೆಲ್ಲ ಸಣ್ಣಪುಟ್ಟ ಆಸೆಗಳಿಗೆ ಮಾತ್ರ. ಆಸೆ ದೊಡ್ಡದಾದಷ್ಟೂ ನನ್ನ ‘ಬೇಡ’ ಗಟ್ಟಿಯಾಗುತ್ತದೆ. ಹಾಗೆ ಅತ್ಯಂತ ಗಟ್ಟಿಯಾಗಿ ನಾನು ಬೇಡವೆಂದದ್ದು ಆರ್ಕ್ಟಿಕ್ ಪ್ರದೇಶವನ್ನು.

ಮದುವೆಯಾಗಿ ಇಲ್ಲಿಗೆ ಬರುವ ಮುಂಚೆ ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಭೂಗೋಳದ ಟೀಚರು. ನನ್ನ ಎತ್ತರಕ್ಕೆ ಕರಿಹಲಗೆಯ ಮೇಲಂಚು ಎಟಕುತ್ತಿರಲಿಲ್ಲವಾದ್ದರಿಂದ ನಾನು ಬರೆದ ಕೆನಡಾಕ್ಕೆ ಉತ್ತರದ ದ್ವೀಪಗಳೇ ಇರುತ್ತಿರಲಿಲ್ಲ. ಹಾಗೆ ಬರೆಯದೆ ಬಿಟ್ಟ ಜಾಗ ಮನಸ್ಸಿನಲ್ಲಿ ಉಳಿದುಬಿಟ್ಟಿತೋ ಏನೋ. ಎರಡು ಸಾವಿರದ ಇಸವಿಯ ಆಚೀಚೆ, ಇಲ್ಲಿನ ಕೆಲಸದಿಂದಲೂ ನಿವೃತ್ತಳಾದ ಮೇಲೆ, ಹತ್ತಿರದ ಒಂದು ಯೂನಿವರ್ಸಿಟಿಯ ಚಿಕ್ಕ ವಿಭಾಗಕ್ಕೆ ಜನ ಬೇಕೆಂದು ತಿಳಿಯಿತು. ಕೆನಡಾ ಮತ್ತು ಆರ್ಕ್ಟಿಕ್ ಬಗ್ಗೆ ಪಾಠ ಹೇಳುವ ವಿಭಾಗ. ಸುತ್ತಲಿನ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಆ ಸೀಮೆಯ ಪರಿಚಯ ಮಾಡಿಸಬೇಕು. ಇದಕ್ಕೆ ಅವರು ಔಟ್‌ರೀಚ್ ಅನ್ನುತ್ತಾರೆ. ನನಗೊಂದು ಪೆಟ್ಟಿಗೆ ಕೊಟ್ಟರು. ಅದರಲ್ಲಿ ಸೀಲ್ ಚರ್ಮದ ಬೂಟು, ಹಿಮದ ಮೇಲಿನ ಬಿಸಿಲಿನ ಝಳಕ್ಕೆ ಕಣ್ಣು ಕುಕ್ಕದಂತೆ ಕಟ್ಟಿಕೊಳ್ಳುವ ಸೀಳುಗಂಡಿಯ ಮರದ ಕನ್ನಡಕ, ಸುರುಳಿ ಸುತ್ತಿದ ದೊಡ್ಡ ನಕಾಶೆ. ‘ಮೊಟ್ಟೆ ಕೂಡ ಮುಟ್ಟದವಳ ಮನೇಲಿ ಸೀಲ್ ಚರ್ಮ’ ಎಂದು ನಮ್ಮ ಮನೆಯವರು ಗೊಣಗಿದರು. ಬೂಟನ್ನು ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ದೇವರ ಮನೆಗೆ ಬೆನ್ನು ಮಾಡಿ ಇಟ್ಟೆ. ನಕಾಶೆಯನ್ನು ಮಾತ್ರ ಅಡುಗೆಮನೆಗೇ ತರುತ್ತಿದ್ದೆ. ಬೇಳೆ ಬೇಯುವಷ್ಟು ಹೊತ್ತು ಒಂದೊಂದು ದ್ವೀಪದ ದಂಡೆಯ ಮೇಲೂ ಬೆರಳಾಡಿಸುವುದು. ಮುಳುಗದೆ ಸುಮ್ಮನೆ ಸುತ್ತು ಹಾಕುವ ಸೂರ್ಯನನ್ನು ಒಂದು ಸಲ ನೋಡಬೇಕು, ಕಾಲ ಕೆಳಗೆ ಸಮುದ್ರವೇ ಗಟ್ಟಿಯಾಗಿ ನಿಂತಿರುವುದನ್ನು ತುಳಿಯಬೇಕು ಎಂಬ ಆಸೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಈ ವಯಸ್ಸಿನಲ್ಲಿ ಕಾಶಿಗೆ ಹೋಗಬೇಕೆಂದರೆ ಜನ ಒಪ್ಪುತ್ತಾರೆ, ಹಿಮಕರಡಿಗಳಿರುವ ಕಡೆಗೆ ಅಂದರೆ ಜಿಪಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ.

ಒಂದು ವಸಂತದಲ್ಲಿ ವಿಭಾಗದ ಮುಖ್ಯಸ್ಥೆ ಹೆಲೆನ್, ಅಲ್ಲಿನ ಅಡುಗೆಕೋಣೆಯಲ್ಲಿ ಟೀ ಮಾಡುತ್ತ, ‘ಸರೋಜಾ, ಜೂನ್‌ನಲ್ಲಿ ನಾವು ಕೆಲವರು ಉತ್ತರಕ್ಕೆ ಹೋಗ್ತಿದೀವಿ. ಇನ್ಯುಯಿಟ್ ಜನರ ಹಳ್ಳಿ. ಖರ್ಚು ವಿಭಾಗದ್ದೇ. ಒಂದು ಜಾಗ ಇದೆ, ನೀವು ಬರ್ತೀರಾ?’ ಅಂದರು. ನನ್ನ ಎದೆ ಹೂಂ ಅಂದಿತು. ಬಾಯಿ ಮಾತ್ರ, ‘ನನಗ್ಯಾಕೆ ಅದೆಲ್ಲ? ಯಾರಾದರೂ ಚಿಕ್ಕ ವಯಸ್ಸಿನವರನ್ನು ಕರ್ಕೊಂಡು ಹೋಗಿ’ ಅಂದಿತು. ಹೆಲೆನ್ ನನ್ನ ಮುಖ ನೋಡಿದರು. ‘ಖಂಡಿತವಾಗಿಯೂ?’ ನಾಟಕ ಸರಿಯಾಗಿಯೇ ನಡೆಯುತ್ತಿದೆ, ಇನ್ನೊಂದೇ ಮಾತು ಬಾಕಿ ಎಂದುಕೊಂಡು, ‘ಖಂಡಿತ’ ಅಂದೆ. ‘ಎಷ್ಟು ದೊಡ್ಡ ಮನಸ್ಸು ನಿಮ್ಮದು’ ಎಂದು ಅವರು ಲೋಟ ತೊಳೆದಿಟ್ಟು ಹೊರಟುಹೋದರು. ಎಲೆಗೆ ಕೈ ಅಡ್ಡ ಹಿಡಿದ ನನ್ನ ಮುಂದಿನಿಂದ ಹೋಳಿಗೆ ತಟ್ಟೆ ಪಕ್ಕದ ಎಲೆಗೆ ಹೋಯಿತು.

ಮನೆಗೆ ಬಂದು ಹೇಳಿದೆ. ‘ಎಷ್ಟು ಸಲ ಕೇಳಿದರು?’ ಅಂದರು ಇವರು.

‘ಎರಡು ಸಲ.’

‘ಮೂರನೆಯದು ಪೋಸ್ಟಲ್ಲಿ ಬರುತ್ತೇನೋ. ಕಾಯ್ತಾ ಇರು.’

‘ನಗಬೇಡಿ ರೀ.’

‘ನಗ್ತಿಲ್ಲ ಕಣೇ. ನಿಮ್ಮಪ್ಪ ನಿನ್ನನ್ನ ಕೇಳಿದಾಗಲೂ ನೀನು ಈ ಗಂಡು ಬೇಡ ಅಂದಿದ್ದೆಯಂತಲ್ಲ. ಪುಣ್ಯಕ್ಕೆ ಅವರು ಇಂಗ್ಲೆಂಡಿನವರಲ್ಲ.’

ಆ ಗಂಡು ನಿಜವಾಗಿಯೂ ಬೇಡವಾಗಿತ್ತು ಎಂದು ನಾನು ಹೇಳಲಿಲ್ಲ. ಅಂಥ ವಿಷಯ ಎತ್ತಲು ಸಾರು ಕುದಿಯುವ ಹೊತ್ತು ಸರಿಯಾದುದಲ್ಲ.

ಜಾಗ ಸವಿತಾಳಿಗೆ ಸಿಕ್ಕಿತು. ಧಾರವಾಡದ ಹುಡುಗಿ, ಅದೇ ವಿಭಾಗದಲ್ಲಿ ಸಮುದ್ರದ ಹಿಮದ ಬಗ್ಗೆ ಸಂಶೋಧನೆ ಮಾಡುತ್ತ ಲೀಡ್ಸಿನ ಹೆಡಿಂಗ್ಲೀಯಲ್ಲಿ ಗೆಳತಿಯರೊಂದಿಗೆ ಇದ್ದಳು. ಭಾನುವಾರ ಊಟಕ್ಕೆ ನಮ್ಮಲ್ಲಿಗೇ. ನಮ್ಮ ಹತ್ತಿರ ಬೆಂಗಳೂರಿನವರ ಹಾಗೆ ಮಾತಾಡುವವಳು ಅವತ್ತು ಬಾಗಿಲಲ್ಲೇ ತನ್ನ ಊರಿನ ಮಾತಿಗೆ ಇಳಿದಳು. ‘ಆಂಟಿ, ನೀವು ಖರೇನ ಒಲ್ಲೆ ಅಂದ್ರೋ, ಬರೇ ಉಪಚಾರಕ್ಕ ಅಂದ್ರೋ?’

‘ಖರೇನೇ ಕಣೆ. ಒಳಗೆ ಬಾ.’

‘ನಾ ಹೆಲೆನ್‌ಗ ಹೇಳ್ತೇನ್ರಿ. ನೀವ ಹೋಗ್ರಿ.’

‘ಬೇಡ.’

‘ನನ್ನ ಆಣಿ, ಹೋಗ್ರಿ ಆಂಟಿ.’

ಬಡಿಸುವ ಕ್ರಮ ತಿಳಿದ ಮಗು. ಸರಿಯಾಗಿ ಕೇಳಿದಳು, ಬೇಕಾದಷ್ಟು ಸಲ ಕೇಳಿದಳು. ಈಗ ‘ನೀನು ಇಷ್ಟು ಹೇಳ್ತಿದೀಯಲ್ಲ’ ಎಂದು ನಾನು ಒಪ್ಪಿದ್ದರೆ ಶಾಸ್ತ್ರದ ಪ್ರಕಾರ ಯಾವ ತಪ್ಪೂ ಇರಲಿಲ್ಲ. ಆದರೆ ಅವಳ ಕಣ್ಣು ಮಾತ್ರ ನನ್ನ ಬಾಯಿಂದ ಇನ್ನೊಂದು ‘ಬೇಡ’ ಬರಲಿ ಎಂದು ಕಾಯುತ್ತಿತ್ತು. ಬಂದಾಗಿನಿಂದ ಆ ಹುಡುಗಿ ಕಂಪ್ಯೂಟರಿನ ಪರದೆಯಲ್ಲಿ ಬಿಟ್ಟರೆ ಸಮುದ್ರದ ಹಿಮ ನೋಡಿದವಳಲ್ಲ. ‘ನನ್ನ ಮಂಡಿ ನೋವು ನಿನಗೆ ಗೊತ್ತಲ್ಲ’ ಎಂದೆ. ನಿಜಕ್ಕೂ ನನ್ನ ಮಂಡಿ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಅವಳು ಬಗ್ಗಿ ಕಾಲು ಮುಟ್ಟಿದಳು. ನನ್ನ ದಪ್ಪ ಉಣ್ಣೆ ಕಾಲುಚೀಲಗಳನ್ನು ತೊಳೆದು, ಜೋಡಿ ಜೋಡಿ ಮಡಿಸಿ ಅವಳಿಗೆ ಕೊಟ್ಟೆ. ಜೂನ್ ಪೂರ್ತಿ ಇಲ್ಲಿ ಕತ್ತಲಾಗುವುದೇ ತಡವಾಗಿ. ನಾನು ಹಿತ್ತಲಲ್ಲಿ ನಿಂತು, ಮುಳುಗಲು ಹಿಂದೆಮುಂದೆ ನೋಡುತ್ತಿದ್ದ ಸೂರ್ಯ ಇನ್ನಷ್ಟು ಉತ್ತರದಲ್ಲಿ ಹೇಗಿರುತ್ತಾನೋ ಎಂದು ಯೋಚಿಸುತ್ತ ಒಣಗಿದ ಬಟ್ಟೆ ತೆಗೆಯುತ್ತಿದ್ದೆ.

ಆಗಲೇ ಒಂದು ನಿಶ್ಚಯ ಮಾಡಿದೆ: ಇನ್ನು ಹೆಲೆನ್ ಏನೇ ಕೇಳಲಿ, ಮೊದಲ ಸಲಕ್ಕೇ ಒಪ್ಪಬೇಕು. ಸೆಪ್ಟೆಂಬರಿನಲ್ಲಿ ಅವರು, ‘ಸರೋಜಾ, ನಿಮಗೆ ಇಷ್ಟವಾಗುತ್ತೋ ಇಲ್ಲವೋ...’ ಎಂದು ಶುರು ಮಾಡುತ್ತಿದ್ದಂತೆ ‘ಯೆಸ್ ಪ್ಲೀಸ್’ ಅಂದುಬಿಟ್ಟೆ. ಹೆಲೆನ್ ಸಂತೋಷದಿಂದ ನನ್ನ ಕೈ ಹಿಡಿದುಕೊಂಡರು. ವಿಷಯ ಇಷ್ಟೇ: ಹಡರ್ಸ್‌ಫೀಲ್ಡಿನ ಒಂದು ಶಾಲೆ, ಸೋಮವಾರದ ಮೊದಲ ತರಗತಿ, ಬೇರೆ ಯಾರೂ ಹೋಗಲು ಒಪ್ಪಿರಲಿಲ್ಲ.

ಹೀಗಾಗಿ ಸೋಮವಾರ ಬೆಳಗ್ಗೆ ಪೆಟ್ಟಿಗೆ ಹೊತ್ತು ಬಸ್ಸು, ರೈಲು ಹತ್ತಿ ಹೋಗಿ ನಕಾಶೆ ತೂಗುಹಾಕಿದೆ. ಮಕ್ಕಳು ಬೂಟಿನೊಳಗೆ ಕೈ ತೂರಿಸಿದರು, ಕನ್ನಡಕಕ್ಕೆ ಜಗಳವಾಡಿದರು. ನಾನು ಸೂರ್ಯನ ವಿಷಯ ಹೇಳುತ್ತಿದ್ದಾಗ ಮುಂದಿನ ಸಾಲಿನ ಒಬ್ಬಳು ಪುಟ್ಟ ಹುಡುಗಿ ಕೈ ಎತ್ತಿದಳು. ‘ಮಿಸ್, ನೀವು ಅಲ್ಲಿಗೆ ಹೋಗಿದೀರಾ?’

‘ಇಲ್ಲಮ್ಮ.’

‘ಹೋಗೋ ಆಸೆ ಇದೆಯಾ?’

ತರಗತಿ ಪೂರ್ತಿ ನನ್ನನ್ನೇ ನೋಡುತ್ತಿತ್ತು. ಅವಳು ಕೇಳಿದ್ದು ಒಂದೇ ಸಲ. ನಾನೂ ಮೊದಲ ಸಲಕ್ಕೇ, ಯಾವ ಉಪಚಾರವೂ ಇಲ್ಲದೆ, ‘ಹೂಂ, ತುಂಬಾ ಇದೆ’ ಅಂದೆ. ಅವಳ ಕೈಯಲ್ಲಿ ಟಿಕೆಟ್ ಇರಲಿಲ್ಲ, ಅಷ್ಟೇ.